ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ (1903–1988): ಕುಶಲಕರ್ಮಿಗಳ ವಸ್ತುಜ್ಞಾನಕ್ಕೆ ಮನ್ನಣೆ ತಂದುಕೊಟ್ಟ ಕನ್ನಡ ನಾಡಿನ ಮಹಿಳೆ

ಪೀಠಿಕೆ

ಕೈಮಗ್ಗ ಮತ್ತು ಕರಕುಶಲ ವೃತ್ತಿಯಲ್ಲಿ ತೊಡಗಿರುವ ನಾಗರಿಕರು ಗುರುತಿನ ಚೀಟಿ, ತರಬೇತಿ, ಸಾಲ, ಮಾರಾಟ ಮೇಳಗಳಲ್ಲಿ ಮಳಿಗೆ ಮುಂತಾದ ಸೌಲಭ್ಯಗಳಿಗಾಗಿ ಸರ್ಕಾರಿ ಕಚೇರಿಗಳಿಗೆ ಅರ್ಜಿ ಸಲ್ಲಿಸುತ್ತಾರೆ. ಈ ಸೌಲಭ್ಯಗಳು ತಾವಾಗಿಯೇ ಬಂದವುಗಳಲ್ಲ. ಕೈಕೆಲಸವೆಂದರೆ ಬಡವರ ಹೊಟ್ಟೆಪಾಡು ಮಾತ್ರ, ಕಾರ್ಖಾನೆಗಳು ಹೆಚ್ಚಿದಂತೆ ಅದು ತಾನೇ ಅಳಿದುಹೋಗುವುದೆಂಬ ಅಭಿಪ್ರಾಯ ಸ್ವಾತಂತ್ರ್ಯ ಬಂದ ಕಾಲದಲ್ಲಿ ಬಲವಾಗಿತ್ತು. ಕುಶಲಕರ್ಮಿಯು ಕೂಲಿಗಾರನಷ್ಟೇ ಅಲ್ಲ, ನೂಲು, ಬಣ್ಣ, ಲೋಹ, ಮಣ್ಣುಗಳ ಗುಣವನ್ನು ಬಲ್ಲ ತಜ್ಞನೂ ಹೌದು, ವಿನ್ಯಾಸಕಾರನೂ ಹೌದು ಎಂಬುದನ್ನು ಆಡಳಿತಕ್ಕೆ ಮನವರಿಕೆ ಮಾಡಿಕೊಟ್ಟವರಲ್ಲಿ ಮಂಗಳೂರಿನಲ್ಲಿ ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಅಗ್ರಗಣ್ಯರು.

ಮನೆಯೊಳಗೆ ನಡೆಯುವ ಮಹಿಳೆಯರ ದುಡಿಮೆಯೂ ಲೆಕ್ಕಕ್ಕೆ ಬರಬೇಕೆಂಬುದು ಅವರ ಸಾರ್ವಜನಿಕ ಜೀವನದ ಮೊದಲಿನಿಂದ ಕೊನೆಯವರೆಗೂ ಉಳಿದುಬಂದ ಆಗ್ರಹವಾಗಿತ್ತು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಕಾರ್ಯದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ. ಕೊನೆಯ ಭಾಗದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಭಾಗದ ಅರ್ಜಿದಾರರಿಗೆ ಉಪಯುಕ್ತವಾಗುವ ಕೆಲವು ಅಂಶಗಳನ್ನು ಸೇರಿಸಲಾಗಿದೆ.

ಜನನ ಮತ್ತು ಬಾಲ್ಯ

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಅವರು ಬ್ರಿಟಿಷ್ ಆಡಳಿತದಲ್ಲಿ ಉನ್ನತ ಕಂದಾಯ ಅಧಿಕಾರಿಯಾಗಿದ್ದರು. ತಾಯಿ ಗಿರಿಜಾಬಾಯಿ ಅವರು ಓದು ಬರಹ ಬಲ್ಲವರು, ಸ್ವತಂತ್ರ ಮನೋಭಾವದವರು. ಅಜ್ಜಿಯೂ ಪುರಾಣ, ಶಾಸ್ತ್ರಗಳನ್ನು ತಿಳಿದವರಾಗಿದ್ದುದರಿಂದ ಮನೆಯಲ್ಲಿ ಹೆಣ್ಣುಮಕ್ಕಳ ವಿದ್ಯೆಗೆ ಅಡ್ಡಿ ಇರಲಿಲ್ಲ.

ಕಮಲಾದೇವಿಯವರಿಗೆ ಏಳು ವರ್ಷ ತುಂಬುವ ವೇಳೆಗೆ ತಂದೆ ತೀರಿಕೊಂಡರು. ಅವರು ಮರಣಶಾಸನ ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯು ಅವರ ಮೊದಲ ಪತ್ನಿಯ ಮಗನಿಗೆ ಸೇರಿತು. ಗಿರಿಜಾಬಾಯಿ ಮತ್ತು ಅವರ ಹೆಣ್ಣುಮಕ್ಕಳಿಗೆ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ ಮಾತ್ರ. ಆ ಹಣವನ್ನು ನಿರಾಕರಿಸಿದ ತಾಯಿಯು ತಮ್ಮ ತವರಿನಿಂದ ಬಂದ ಸ್ವತ್ತಿನ ಆಧಾರದಲ್ಲಿಯೇ ಮಕ್ಕಳನ್ನು ಬೆಳೆಸಲು ನಿರ್ಧರಿಸಿದರು. ಸಂಸಾರವನ್ನು ನಡೆಸಿಕೊಂಡು ಬಂದ ಹೆಣ್ಣಿಗೆ ದಾಖಲೆಯಲ್ಲಿ ಸ್ಥಾನವಿಲ್ಲದಿದ್ದರೆ ಆಕೆಯ ಪಾಡೇನು ಎಂಬುದನ್ನು ಬಾಲಕಿಯಾಗಿದ್ದಾಗಲೇ ಅವರು ಕಣ್ಣಾರೆ ಕಂಡರು. ಮುಂದೆ ಮಹಿಳೆಯರ ಆಸ್ತಿ ಹಕ್ಕು, ವೇತನ ಮತ್ತು ವೃತ್ತಿಗಳ ಬಗ್ಗೆ ಅವರು ಅವಿರತವಾಗಿ ಶ್ರಮಿಸಿದುದರ ಬೇರು ಈ ಅನುಭವದಲ್ಲಿದೆ.

1917ರಲ್ಲಿ, 14ನೆಯ ವಯಸ್ಸಿನಲ್ಲಿ ಅವರಿಗೆ ವಿವಾಹವಾಯಿತು. ಎರಡೇ ವರ್ಷಗಳಲ್ಲಿ ಪತಿ ನಿಧನರಾದರು. ವಿಧವೆಯಾದ ಬಾಲಕಿಯನ್ನು ಮನೆಯ ಮೂಲೆಗೆ ಸೇರಿಸುವುದು ಅಂದಿನ ರೂಢಿಯಾಗಿದ್ದರೂ ತಾಯಿಯವರು ಅದಕ್ಕೆ ಒಪ್ಪದೆ ಮಗಳ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಸರೋಜಿನಿ ನಾಯ್ಡು ಅವರ ಸಹೋದರಿ ಸುಹಾಸಿನಿಯವರ ಪರಿಚಯವಾಗಿ, ಅವರ ಮೂಲಕ ಕವಿ ಹಾಗೂ ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಸಂಪ್ರದಾಯಸ್ಥರ ವಿರೋಧದ ನಡುವೆ ಇವರಿಬ್ಬರೂ ವಿವಾಹವಾದರು. ಕಾಲಾಂತರದಲ್ಲಿ ಈ ದಾಂಪತ್ಯವು ವಿಚ್ಛೇದನದಲ್ಲಿ ಕೊನೆಗೊಂಡಿತು. ಇಂಗ್ಲೆಂಡಿಗೆ ತೆರಳಿದ ಕಮಲಾದೇವಿಯವರು ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಸಿಸಿದರು.

ಸಾರ್ವಜನಿಕ ಜೀವನ ಪ್ರವೇಶ

ಅಸಹಕಾರ ಚಳವಳಿಯಿಂದ ಪ್ರೇರಿತರಾಗಿ ತಾಯ್ನಾಡಿಗೆ ಮರಳಿದ ಅವರು ಕರ್ನಾಟಕದವರೇ ಆದ ಡಾ. ಎನ್.ಎಸ್. ಹರ್ಡೀಕರ್ ಅವರು ಕಟ್ಟಿದ ಸೇವಾದಳವನ್ನು ಸೇರಿ ಮಹಿಳಾ ಸ್ವಯಂಸೇವಕಿಯರ ಸಂಘಟನೆಯಲ್ಲಿ ತೊಡಗಿದರು. 1926ರಲ್ಲಿ ಮದರಾಸು ಪ್ರಾಂತದ ಶಾಸನಸಭೆಗೆ ಸ್ಪರ್ಧಿಸಿ, ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆಯೆನಿಸಿದರು. ಪ್ರಚಾರಕ್ಕೆ ಸಿಕ್ಕಿದ ಅವಧಿ ಅತ್ಯಲ್ಪವಾಗಿದ್ದರೂ ಅವರು ಸೋತದ್ದು ಅತಿ ಕಡಿಮೆ ಮತಗಳ ಅಂತರದಿಂದ. 1927ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾಗಿ ದೇಶದ ಉದ್ದಗಲಕ್ಕೂ ಸಂಚರಿಸಿದರು. ಈ ಸಂಸ್ಥೆಯ ಪ್ರಯತ್ನದಿಂದ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭಗೊಂಡಿತು. ಆಹಾರ, ಬಟ್ಟೆ, ಮನೆಯ ನಿರ್ವಹಣೆ ಮೊದಲಾಗಿ ಹೆಣ್ಣುಮಕ್ಕಳು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸಗಳನ್ನು ವಿಜ್ಞಾನದ ಅಧ್ಯಯನ ವಿಷಯಗಳಾಗಿ ಬೋಧಿಸಿದ ಮೊದಮೊದಲ ಕಾಲೇಜುಗಳಲ್ಲಿ ಇದೂ ಒಂದು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಅವಕಾಶವಿರಬೇಕೆಂದು ಗಾಂಧೀಜಿಯವರಲ್ಲಿ ವಾದಿಸಿ ಒಪ್ಪಿಸಿದವರಲ್ಲಿ ಕಮಲಾದೇವಿಯವರು ಪ್ರಮುಖರು. ಮುಂಬಯಿಯ ಕಡಲತೀರದಲ್ಲಿ ಉಪ್ಪು ತಯಾರಿಸಿ, ಅದರ ಪೊಟ್ಟಣಗಳನ್ನು ಷೇರುಪೇಟೆಯ ಒಳಗೇ ಕೊಂಡೊಯ್ದು ಮಾರಿದರು. ಇದಕ್ಕಾಗಿ ಬಂಧನಕ್ಕೊಳಗಾಗಿ ಸೆರೆವಾಸ ಅನುಭವಿಸಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು. ರಂಗಭೂಮಿ ಮತ್ತು ಚಲನಚಿತ್ರಗಳಲ್ಲಿ ಅಭಿನಯಿಸುವುದು ಗೌರವಸ್ಥ ಮನೆತನದ ಮಹಿಳೆಯರಿಗೆ ನಿಷಿದ್ಧವೆನಿಸಿದ್ದ ಕಾಲದಲ್ಲಿ ಅವೆರಡರಲ್ಲಿಯೂ ಭಾಗವಹಿಸಿದರು. ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಅಮೆರಿಕ, ಚೀನಾ ಮತ್ತು ಜಪಾನ್ ದೇಶಗಳಲ್ಲಿ ಸಂಚರಿಸಿ ಅಲ್ಲಿನ ಜನಜೀವನವನ್ನು ಕಂಡು ಬಂದರು.

ನಿರಾಶ್ರಿತರ ನಡುವೆ

1947ರಲ್ಲಿ ಸ್ವಾತಂತ್ರ್ಯದೊಂದಿಗೆ ವಿಭಜನೆಯೂ ಬಂದಿತು. ಚಳವಳಿಯ ನಾಯಕರಲ್ಲಿ ಅನೇಕರು ಅಧಿಕಾರದ ಸ್ಥಾನಗಳಿಗೆ ತೆರಳಿದರೆ, ಕಮಲಾದೇವಿಯವರು ನಿರಾಶ್ರಿತರ ಶಿಬಿರಗಳತ್ತ ನಡೆದರು. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಸ್ಥಾಪಿಸಿದರು. ವಾಯವ್ಯ ಗಡಿನಾಡಿನಿಂದ ಬಂದಿದ್ದ ಸುಮಾರು 50,000 ನಿರಾಶ್ರಿತರಿಗಾಗಿ ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ಹೊಸ ಪಟ್ಟಣವನ್ನು ಕಟ್ಟುವ ಕಾರ್ಯದಲ್ಲಿ ಈ ಒಕ್ಕೂಟವು ಮಹತ್ವದ ಪಾತ್ರ ವಹಿಸಿತು. ನಿರಾಶ್ರಿತರು ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡು, ಹೊಸ ಕಸುಬುಗಳನ್ನು ಕಲಿತು, ಸಹಕಾರ ಸಂಘಗಳ ಮೂಲಕ ದುಡಿಯುವ ವ್ಯವಸ್ಥೆ ಅಲ್ಲಿ ರೂಪುಗೊಂಡಿತು.

ಶಿಬಿರಗಳಲ್ಲಿ ಒಂದು ಸಂಗತಿ ಎದ್ದು ಕಂಡಿತು. ಹೊಲ, ಅಂಗಡಿ, ಮನೆ ಎಲ್ಲವನ್ನೂ ಬಿಟ್ಟು ಬಂದವರ ಬಳಿ ಉಳಿದಿದ್ದ ಬಂಡವಾಳವೆಂದರೆ ಅವರ ಕೈಗಳಲ್ಲಿದ್ದ ವಿದ್ಯೆ. ಪಂಜಾಬಿನ ಮಹಿಳೆಯರಿಗೆ ಫುಲ್ಕಾರಿ ಕಸೂತಿ ಬರುತ್ತಿತ್ತು. ಮತ್ತೆ ಕೆಲವರಿಗೆ ನೇಯ್ಗೆ, ಬಣ್ಣ ಹಾಕುವಿಕೆ, ಹೊಲಿಗೆ ತಿಳಿದಿತ್ತು. ಆದರೆ ಮದುವೆಗೆಂದು, ಮನೆಬಳಕೆಗೆಂದು ಮಾಡುತ್ತಿದ್ದ ಕೆಲಸವನ್ನು ಮಾರಾಟಕ್ಕೆ ತರಬೇಕಾದರೆ ಒಳ್ಳೆಯ ನೂಲು ಬೇಕು, ಮಾಸದ ಬಣ್ಣ ಬೇಕು, ಕೊಳ್ಳುವವರ ಅಗತ್ಯಕ್ಕೆ ಹೊಂದುವ ಅಳತೆ ಬೇಕು, ನ್ಯಾಯವಾದ ಬೆಲೆ ಕೊಡುವ ಅಂಗಡಿಯೂ ಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಉಳಿದವು ನಿಷ್ಫಲ. ಮುಂದೆ ಅವರು ಕರಕುಶಲ ಕ್ಷೇತ್ರದಲ್ಲಿ ಕೈಗೊಂಡ ಕಾರ್ಯಗಳೆಲ್ಲ ಈ ನಾಲ್ಕು ಅಗತ್ಯಗಳನ್ನು ಒಟ್ಟಿಗೆ ಪೂರೈಸುವ ದಿಕ್ಕಿನಲ್ಲಿಯೇ ಸಾಗಿದವು.

ಅಖಿಲ ಭಾರತ ಕರಕುಶಲ ಮಂಡಳಿ

ಕೇಂದ್ರ ಸರ್ಕಾರವು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರಚಿಸಿತು. ಕಮಲಾದೇವಿಯವರು ಅದರ ಅಧ್ಯಕ್ಷರಾಗಿ ಹಲವು ವರ್ಷ ಕಾರ್ಯ ನಿರ್ವಹಿಸಿದರು. ಅದೇ ವರ್ಷ ದೆಹಲಿಯ ಕೇಂದ್ರೀಯ ಗೃಹ ಕೈಗಾರಿಕೆಗಳ ಮಾರಾಟ ಮಳಿಗೆಯ ಆಡಳಿತವು ಭಾರತೀಯ ಸಹಕಾರ ಒಕ್ಕೂಟದ ಕೈಗೆ ಬಂದಿತು. ಹೀಗೆ ಉತ್ಪಾದನೆ ಮತ್ತು ಮಾರಾಟ ಎರಡನ್ನೂ ಏಕಕಾಲದಲ್ಲಿ ನೋಡುವ ಅವಕಾಶ ದೊರೆಯಿತು.

ಆ ಕಾಲದಲ್ಲಿ ಕುಶಲಕರ್ಮಿಯ ಲೆಕ್ಕಾಚಾರ ಹೀಗಿರುತ್ತಿತ್ತು. ಕಚ್ಚಾ ಸಾಮಗ್ರಿಯನ್ನು ವ್ಯಾಪಾರಿಯೇ ಸಾಲವಾಗಿ ಕೊಡುತ್ತಿದ್ದ. ತಯಾರಾದ ವಸ್ತುವನ್ನು ಅವನಿಗೇ ಒಪ್ಪಿಸಬೇಕಾಗಿತ್ತು. ಸಾಮಗ್ರಿಯ ಬೆಲೆ, ಮುಂಗಡ ಮತ್ತು ಬಡ್ಡಿಯನ್ನು ಕಳೆದು ಉಳಿದದ್ದು ಮಜೂರಿ. ಬೆಲೆ ಕಡಿಮೆ ಬಂದಾಗ ಕುಶಲಕರ್ಮಿಗೆ ಉಳಿಯುತ್ತಿದ್ದ ದಾರಿ ಒಂದೇ. ಅಗ್ಗದ ನೂಲು, ಅಗ್ಗದ ಬಣ್ಣ ಬಳಸಿ, ಕಡಿಮೆ ಸಮಯದಲ್ಲಿ ಹೆಚ್ಚು ಮಾಡುವುದು. ಇದರಿಂದ ಗುಣಮಟ್ಟ ಕುಸಿದು, ಬೆಲೆ ಇನ್ನಷ್ಟು ಇಳಿಯುತ್ತಿತ್ತು. ಮಗನಿಗೆ ಈ ಕಸುಬು ಬೇಡವೆಂದು ತಂದೆಯೇ ನಿರ್ಧರಿಸಿದಾಗ ತಲೆಮಾರುಗಳ ಜ್ಞಾನವೊಂದು ಆ ಮನೆಯಲ್ಲಿಯೇ ಮುಗಿದುಹೋಗುತ್ತಿತ್ತು.

ಈ ಸುಳಿಯನ್ನು ತಡೆಯಲು ಮಂಡಳಿಯು ತರಬೇತಿ ಕೇಂದ್ರಗಳು, ಕಚ್ಚಾ ಸಾಮಗ್ರಿ ಪೂರೈಕೆ, ಮಾರಾಟ ಮಳಿಗೆ, ಪ್ರದರ್ಶನ ಹಾಗೂ ರಫ್ತಿನ ವ್ಯವಸ್ಥೆಗಳನ್ನು ರೂಪಿಸಿತು. ದೆಹಲಿ, ಮುಂಬಯಿ, ಕಲ್ಕತ್ತ ಮತ್ತು ಬೆಂಗಳೂರುಗಳಲ್ಲಿ ಪ್ರಾದೇಶಿಕ ವಿನ್ಯಾಸ ಕೇಂದ್ರಗಳು ಸ್ಥಾಪನೆಯಾದವು. ಹಳೆಯ ಮಾದರಿಗಳನ್ನು ಸಂಗ್ರಹಿಸುವುದು, ಉಪಕರಣ ಹಾಗೂ ತಂತ್ರಗಳನ್ನು ಸುಧಾರಿಸುವುದು, ಹೊಸ ಬಳಕೆಗೆ ಹೊಂದುವ ಮಾದರಿಗಳನ್ನು ಸಿದ್ಧಪಡಿಸಿ ಕುಶಲಕರ್ಮಿಗಳಿಗೆ ಒದಗಿಸುವುದು ಇವುಗಳ ಕೆಲಸವಾಗಿತ್ತು. ಹಳೆಯ ಉತ್ತಮ ಮಾದರಿಗಳನ್ನು ಕುಶಲಕರ್ಮಿಗಳೇ ಬಂದು ನೋಡಿ ಕಲಿಯಲೆಂಬ ಉದ್ದೇಶದಿಂದ ದೆಹಲಿಯಲ್ಲಿ ಮಂಡಳಿಯ ಆಶ್ರಯದಲ್ಲಿಯೇ ಕರಕುಶಲ ವಸ್ತುಸಂಗ್ರಹಾಲಯವು 1956ರಲ್ಲಿ ರೂಪುಗೊಂಡಿತು. ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾದದ್ದು 1961ರಲ್ಲಿ. ವಿನ್ಯಾಸವೆಂಬುದು ಒಂದು ಶಿಕ್ಷಣ ವಿಷಯವಾಗಿ ಬೇರೂರುವ ಮೊದಲೇ ಅದು ಕರಕುಶಲ ಮಂಡಳಿಯ ದಿನನಿತ್ಯದ ಕಾರ್ಯವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ವಸ್ತುಜ್ಞಾನದ ಪುನರುಜ್ಜೀವನ: ಕೆಲವು ಉದಾಹರಣೆಗಳು

ಕುಶಲಕರ್ಮಿಗಳ ವಸ್ತುಜ್ಞಾನವೆಂದರೆ ಏನೆಂಬುದನ್ನು ಕೆಲವು ಉದಾಹರಣೆಗಳಿಂದ ಅರಿಯಬಹುದು.

ಶ್ರೀಕಾಳಹಸ್ತಿಯ ಕಲಂಕಾರಿ: ನೆರೆಯ ಆಂಧ್ರಪ್ರದೇಶದ ಶ್ರೀಕಾಳಹಸ್ತಿಯಲ್ಲಿ ಬಟ್ಟೆಯ ಮೇಲೆ ಲೇಖನಿಯಿಂದ ಚಿತ್ರ ಬರೆಯುವ ಈ ಕಲೆಯು 1950ರ ದಶಕದ ಹೊತ್ತಿಗೆ ಕೆಲವೇ ಮಂದಿಯಲ್ಲಿ ಉಳಿದಿತ್ತು. ಕಮಲಾದೇವಿಯವರ ಆಸಕ್ತಿಯ ಫಲವಾಗಿ ಆ ದಶಕದ ಕೊನೆಯ ಭಾಗದಲ್ಲಿ ಅಲ್ಲಿ ತರಬೇತಿ ಕೇಂದ್ರವೊಂದು ಆರಂಭವಾಯಿತು. ಈ ಕಲೆಯಲ್ಲಿ ಬಟ್ಟೆಯನ್ನು ಮೊದಲು ಅಳಲೆಕಾಯಿಯ ಪುಡಿ ಮತ್ತು ಎಮ್ಮೆಯ ಹಾಲಿನ ಮಿಶ್ರಣದಲ್ಲಿ ಅದ್ದಿ ಒಣಗಿಸುತ್ತಾರೆ. ಹಾಲಿನ ಜಿಡ್ಡಿನಿಂದ ಬಣ್ಣವು ಎಳೆಯಗುಂಟ ಹರಡುವುದಿಲ್ಲ. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಲವು ದಿನ ಹುದುಗಿಸಿ ತೆಗೆದ ದ್ರವವು ಅಳಲೆಯ ಒಗರಿನೊಂದಿಗೆ ಸೇರಿದೊಡನೆ ಕಪ್ಪಾಗುತ್ತದೆ. ಕೆಂಪು ಬರಬೇಕಾದ ಕಡೆ ಪಟಿಕದ ನೀರನ್ನು ಹಚ್ಚಿ, ಅನಂತರ ಬಣ್ಣದ ಬೇರಿನ ಕಷಾಯದಲ್ಲಿ ಬಟ್ಟೆಯನ್ನು ಕುದಿಸುತ್ತಾರೆ. ಪಟಿಕ ಇದ್ದಲ್ಲಿ ಮಾತ್ರ ಕೆಂಪು ನಿಲ್ಲುತ್ತದೆ. ಯಾವ ವಸ್ತು ಯಾವುದರೊಡನೆ ಹೇಗೆ ವರ್ತಿಸುವುದೆಂಬುದನ್ನು ಪ್ರಯೋಗದಿಂದ ಕಂಡುಕೊಂಡ ಈ ವಿಧಾನವು ರಸಾಯನಶಾಸ್ತ್ರವೇ ಆಗಿದೆ. ಇಂದು ಶ್ರೀಕಾಳಹಸ್ತಿಯಲ್ಲಿ ಅನೇಕ ಮಹಿಳೆಯರು ಈ ವೃತ್ತಿಯಲ್ಲಿದ್ದಾರೆ.

ಜಯಪುರದ ನೀಲಿ ಕುಂಭಕಲೆ: ಕುಂಭವೆಂದರೆ ಮಣ್ಣಿನದೆಂಬುದು ವಾಡಿಕೆ. ಜಯಪುರದ ನೀಲಿ ಪಾತ್ರೆಗಳಿಗೆ ಕುಂಬಾರನ ಜೇಡಿಮಣ್ಣನ್ನು ಬಳಸುವುದಿಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಬಿಳಿಗಾರ ಮತ್ತು ಅಂಟನ್ನು ಕಲಸಿ ಇದರ ಹಿಟ್ಟನ್ನು ಮಾಡುತ್ತಾರೆ. ಸ್ವಾತಂತ್ರ್ಯದ ನಂತರ ಅಳಿವಿನಂಚಿಗೆ ಬಂದಿದ್ದ ಈ ಕಲೆಯನ್ನು ಕಲಾವಿದ ಕೃಪಾಲ್ ಸಿಂಗ್ ಶೇಖಾವತ್ ಅವರು ಮತ್ತೆ ಬೆಳಕಿಗೆ ತಂದರು. ಅವರಿಗೆ ಬೆಂಬಲವಾಗಿ ನಿಂತವರಲ್ಲಿ ಕಮಲಾದೇವಿಯವರು ಮತ್ತು ಜಯಪುರದ ಗಾಯತ್ರಿದೇವಿಯವರು ಮುಖ್ಯರು.

ಬೀದರಿನ ಬಿದರಿ ಕಲೆ: ಕಲ್ಯಾಣ ಕರ್ನಾಟಕದ ಜನರಿಗೆ ಚಿರಪರಿಚಿತವಾದ ಈ ಕಲೆಯಲ್ಲಿ ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಮೇಲ್ಮೈಯನ್ನು ಕೊರೆದು ಬೆಳ್ಳಿಯ ತಂತಿ ಇಲ್ಲವೆ ತಗಡನ್ನು ಕೂರಿಸುತ್ತಾರೆ. ಕೊನೆಯಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ ಹಚ್ಚಿದಾಗ ಮಿಶ್ರಲೋಹವು ಗಾಢ ಕಪ್ಪಾಗಿ, ಬೆಳ್ಳಿಯು ಮಾತ್ರ ಹೊಳೆಯುತ್ತ ಉಳಿಯುತ್ತದೆ. ಮಣ್ಣು ಸರಿಯಾದದ್ದೇ ಎಂಬುದನ್ನು ಅನುಭವಿಗಳು ನಾಲಿಗೆಯ ಮೇಲಿಟ್ಟು ರುಚಿಯಿಂದಲೇ ನಿರ್ಧರಿಸುತ್ತಾರೆ.

ಇಳಕಲ್ ಸೀರೆ ಮತ್ತು ಕಸೂತಿ: ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿಯಾಗಿ ಸೇರಿಸಿ ನೇಯುತ್ತಾರೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಕೂಡುವುದು ಹೀಗೆ. ಉತ್ತರ ಕರ್ನಾಟಕದ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ ಹೊಲಿಯುತ್ತಾರೆ. ಗವಂತಿ ಮತ್ತು ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಬದಿಯಲ್ಲಿ ಚಿತ್ರ ಒಂದೇ ರೀತಿ ಕಾಣುತ್ತದೆ. ಕಾಗದದ ಮೇಲೆ ನಕ್ಷೆ ಬರೆದುಕೊಳ್ಳದೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಎಣಿಕೆಯಿಂದಲೇ ಮೂಡಿಸುವ ಈ ವಿದ್ಯೆಯು ತಾಯಿಯಿಂದ ಮಗಳಿಗೆ ಬಂದದ್ದು. ಇಂತಹ ವಿದ್ಯೆಗಳಿಗೆ ಅಕ್ಷರರೂಪ ಕೊಡುವುದು ಅವಶ್ಯವೆಂದು ಭಾವಿಸಿದ ಕಮಲಾದೇವಿಯವರು ಭಾರತದ ಕರಕುಶಲ ಕಲೆಗಳು, ಕಸೂತಿ, ಜಮಖಾನೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಹಲವು ಗ್ರಂಥಗಳನ್ನು ರಚಿಸಿದ್ದಾರೆ.

ಹೊಸ ವಿನ್ಯಾಸದ ಬಗ್ಗೆ ಅವರಿಗೆ ವಿರೋಧವಿರಲಿಲ್ಲ. ಆದರೆ ಪಟ್ಟಣದಲ್ಲಿ ಕುಳಿತವರು ನಕ್ಷೆ ಬರೆದು ಕಳುಹಿಸುವುದು, ಕುಶಲಕರ್ಮಿಯು ಅದನ್ನು ಕಣ್ಣುಮುಚ್ಚಿ ನಕಲು ಮಾಡುವುದು ಎಂಬ ಪದ್ಧತಿಯನ್ನು ಅವರು ಒಪ್ಪುತ್ತಿರಲಿಲ್ಲ. ವಸ್ತುವನ್ನು ಬಲ್ಲವರ ಕೈಯಲ್ಲಿಯೇ ವಿನ್ಯಾಸವೂ ಬೆಳೆಯಬೇಕು, ವಿನ್ಯಾಸಕಾರರು ಅವರಿಗೆ ಜೊತೆಗಾರರಾಗಬೇಕು ಎಂಬುದು ಅವರ ನಿಲುವಾಗಿತ್ತು.

ಹೆಸರಿಲ್ಲದವರಿಗೆ ಹೆಸರು

ದೇಗುಲಗಳ ಶಿಲ್ಪಿಗಳಲ್ಲಿ ಕೆಲವರು ಕಲ್ಲಿನ ಮೇಲೆ ತಮ್ಮ ಹೆಸರನ್ನು ಕೆತ್ತಿರುವುದುಂಟು. ಸೀರೆ ನೇಯ್ದವರ, ಬುಟ್ಟಿ ಹೆಣೆದವರ, ಕೌದಿ ಹೊಲಿದವರ ಹೆಸರು ಎಲ್ಲಿಯೂ ಇಲ್ಲ. ವಸ್ತುವಿಗೆ ಊರಿನ ಹೆಸರು ಸಿಗುತ್ತದೆ, ಮಾರಾಟಕ್ಕೆ ಅಂಗಡಿಯ ಹೆಸರು ಸಿಗುತ್ತದೆ, ಮಾಡಿದವರು ಮಾತ್ರ ಮರೆಯಲ್ಲಿಯೇ ಉಳಿಯುತ್ತಾರೆ. ಈ ಕೊರತೆಯನ್ನು ನೀಗಲು ಕಮಲಾದೇವಿಯವರ ಮುಂದಾಳತ್ವದಲ್ಲಿ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿಗಳನ್ನು ನೀಡುವ ಪದ್ಧತಿ 1965ರಲ್ಲಿ ಆರಂಭವಾಯಿತು.

1964ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ವಿಶ್ವ ಕುಶಲಕರ್ಮಿಗಳ ಸಮ್ಮೇಳನದಲ್ಲಿ ಅಮೆರಿಕದ ಏಲೀನ್ ಆಸ್ಬರ್ನ್ ವೆಬ್ ಅವರೊಡನೆ ಸೇರಿ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪನೆಗೆ ಅವರು ಕಾರಣರಾದರು. ಅದೇ ವರ್ಷ ಭಾರತೀಯ ಕರಕುಶಲ ಪರಿಷತ್ತು ಮದರಾಸಿನಲ್ಲಿ ಸ್ಥಾಪನೆಗೊಂಡಿತು. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ಸ್ಥಾಪನೆಯಾದದ್ದೂ 1964ರಲ್ಲಿಯೇ.

ಇಷ್ಟಾದರೂ ಒಂದು ತೊಡಕು ಪೂರ್ಣವಾಗಿ ಬಗೆಹರಿಯಲಿಲ್ಲ. ಮಗ್ಗದ ಮೇಲೆ ಕುಳಿತವರು ನೇಕಾರರೆಂದು ಗುರುತಿಸಲ್ಪಟ್ಟರು. ನೂಲು ಬಿಚ್ಚುವುದು, ಗಂಜಿ ಹಾಕುವುದು, ಹಾಸು ಹೂಡುವುದು, ಕಂಡಿಕೆ ಸುತ್ತುವುದು ಮೊದಲಾದ ಪೂರ್ವಸಿದ್ಧತೆಯ ಕೆಲಸಗಳನ್ನು ಮಾಡುವ ಮನೆಯ ಹೆಣ್ಣುಮಕ್ಕಳು ಸಹಾಯಕರೆಂದು ಕರೆಯಲ್ಪಟ್ಟರು, ಅಥವಾ ದಾಖಲೆಯಲ್ಲಿ ಬರಲೇ ಇಲ್ಲ. ಗಂಜಿಯ ಹದ ಕೆಟ್ಟರೆ ಎಳೆ ಹರಿಯುತ್ತದೆ, ಎಳೆ ಹರಿದರೆ ಬಟ್ಟೆ ಕೆಡುತ್ತದೆ ಎಂಬುದು ನೇಕಾರರ ಮನೆಗಳಲ್ಲಿ ಎಲ್ಲರಿಗೂ ತಿಳಿದ ವಿಷಯ. ಹೀಗಿದ್ದೂ ಆ ಹದವನ್ನು ಬಲ್ಲ ಕೈಗೆ ಪ್ರತ್ಯೇಕ ಮಜೂರಿಯಾಗಲಿ ಹೆಸರಾಗಲಿ ಇರಲಿಲ್ಲ. ಮಹಿಳೆಯರು ಮನೆಯಲ್ಲಿ ಮಾಡುವ ದುಡಿಮೆಗೂ ಆರ್ಥಿಕ ಮೌಲ್ಯವಿದೆ ಎಂದು ಕಮಲಾದೇವಿಯವರು ಸ್ವಾತಂತ್ರ್ಯ ಪೂರ್ವದಲ್ಲಿಯೇ ಮಹಿಳಾ ಸಮ್ಮೇಳನದ ವೇದಿಕೆಗಳಿಂದ ಪ್ರತಿಪಾದಿಸಿದ್ದರು.

ಅವರ ಕಾಲಾನಂತರ ಈ ವಿಷಯದಲ್ಲಿ ಪ್ರಗತಿಯಾಗಿದೆ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ನೇಕಾರರೊಂದಿಗೆ ಪೂರ್ವಸಿದ್ಧತೆಯ ಕೆಲಸಗಾರರನ್ನೂ ಎಣಿಸಿತು. ಈ ಗಣತಿಯಂತೆ ದೇಶದಲ್ಲಿ ಒಟ್ಟು 35.22 ಲಕ್ಷ ಕೈಮಗ್ಗ ಕೆಲಸಗಾರರಿದ್ದು, ಅವರಲ್ಲಿ ಶೇ. 72ರಷ್ಟು ಮಹಿಳೆಯರು. ಅಂದರೆ ಕೈಮಗ್ಗವನ್ನು ಮಹಿಳೆಯರ ವೃತ್ತಿಯೆಂದು ಕರೆದರೆ ತಪ್ಪಾಗಲಾರದು.

ಸಂದ ಗೌರವಗಳು ಮತ್ತು ನಿಧನ

ಕಮಲಾದೇವಿಯವರಿಗೆ ದೊರೆತ ಪ್ರಮುಖ ಗೌರವಗಳು ಇಂತಿವೆ:

1955 – ಪದ್ಮಭೂಷಣ
1966 – ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ
1974 – ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್
1987 – ಪದ್ಮವಿಭೂಷಣ

ಅವರ ಆತ್ಮಕಥನವು 1986ರಲ್ಲಿ ಪ್ರಕಟವಾಯಿತು. 1988ರ ಅಕ್ಟೋಬರ್ 29ರಂದು, ತಮ್ಮ 85ನೆಯ ವಯಸ್ಸಿನಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು. ಅಖಿಲ ಭಾರತ ಕರಕುಶಲ ಮಂಡಳಿಯನ್ನು ಕೇಂದ್ರ ಸರ್ಕಾರವು 2020ರಲ್ಲಿ ರದ್ದುಪಡಿಸಿದೆ. ಕರಕುಶಲ ಕ್ಷೇತ್ರದ ಕೇಂದ್ರ ಯೋಜನೆಗಳನ್ನು ಜವಳಿ ಮಂತ್ರಾಲಯದ ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿಯು ನಿರ್ವಹಿಸುತ್ತಿದೆ. ಮಹಿಳಾ ನೇಕಾರರು ಮತ್ತು ಮಹಿಳಾ ಕುಶಲಕರ್ಮಿಗಳಿಗಾಗಿ ಕಮಲಾದೇವಿಯವರ ಹೆಸರಿನಲ್ಲಿಯೇ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಲಾಗಿದೆ.

ರಾಯಚೂರು ಜಿಲ್ಲೆಯ ಅರ್ಜಿದಾರರ ಗಮನಕ್ಕೆ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಸೀಮೆಗೆ ವಸ್ತುಜ್ಞಾನದ ಇತಿಹಾಸ ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನ ಕಾಲದಿಂದಲೂ ಚಿನ್ನದ ಅದಿರನ್ನು ತೆಗೆಯಲಾಗುತ್ತಿತ್ತು. ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನದಲ್ಲಿ ಪ್ರಾಚೀನ ಜನವಸತಿಯ ಮಡಕೆಗಳು ಹಾಗೂ ಬಗೆಬಗೆಯ ಕಲ್ಲಿನ ಮಣಿಗಳು ದೊರೆತಿವೆ. ಆ ಮಣಿಗಳನ್ನು ಉಜ್ಜಿ, ಕೊರೆದು, ಪೋಣಿಸಿದವರು ಯಾರೆಂಬುದು ತಿಳಿಯದು. ಅದೇ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಪತ್ತೆಯಾದ ಶಾಸನದಲ್ಲಿ ಅಶೋಕನೆಂಬ ಹೆಸರು ಸ್ಪಷ್ಟವಾಗಿ ದೊರೆತದ್ದರಿಂದ, ಅಲ್ಲಿಯವರೆಗೆ ದೇವಾನಾಂಪ್ರಿಯನೆಂಬ ಬಿರುದಿನಿಂದ ಮಾತ್ರ ತಿಳಿದಿದ್ದ ಶಾಸನಗಳ ಅರಸನು ಅಶೋಕನೇ ಎಂಬುದು ಖಚಿತವಾಯಿತು. ಚಕ್ರವರ್ತಿಯ ವಿಷಯದಲ್ಲಿಯೂ ಬರೆದಿಟ್ಟ ಹೆಸರೇ ಕೊನೆಗೆ ಸಾಕ್ಷಿಯಾಯಿತು ಎಂಬುದನ್ನು ಈ ಸೀಮೆಯ ಜನರಿಗೆ ಬೇರೆ ಹೇಳಬೇಕಾಗಿಲ್ಲ.

ಈ ಭಾಗದ ಹಳ್ಳಿಗಳಲ್ಲಿ ಮಹಿಳೆಯರು ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾರೆ. ಎಷ್ಟು ಬಾರಿ ಒಗೆದ ಬಟ್ಟೆ ಮೈಗೆ ಮೃದು, ಯಾವ ಪದರ ಒಳಗಿರಬೇಕು, ಹೊಲಿಗೆಯ ಸಾಲು ಎಷ್ಟು ಒತ್ತಾಗಿದ್ದರೆ ಪದರಗಳು ಸರಿಯುವುದಿಲ್ಲ ಎಂಬುದನ್ನು ಅವರು ಬಲ್ಲರು. ತಾಂಡಾಗಳ ಲಂಬಾಣಿ ಮಹಿಳೆಯರಿಗೆ ಕನ್ನಡಿ, ಕವಡೆ ಮತ್ತು ಬಣ್ಣದ ದಾರಗಳ ಕಸೂತಿ ತಿಳಿದಿದೆ. ವಳಕಮದಿನ್ನಿಯಂತಹ ಗ್ರಾಮಗಳಿಂದ ಬರುವ ಅರ್ಜಿಗಳಲ್ಲಿಯೂ, ಬೇರೆಡೆಯಿಂದ ಬರುವ ಅರ್ಜಿಗಳಲ್ಲಿಯೂ ಇಂತಹ ಮಹಿಳೆಯರ ವೃತ್ತಿಯು ದಾಖಲಾಗಬೇಕಾದುದು ಅವಶ್ಯಕ. ಆದ್ದರಿಂದ ಅರ್ಜಿ ಸಲ್ಲಿಸುವವರು ಈ ಕೆಳಗಿನ ಅಂಶಗಳನ್ನು ಗಮನಿಸಬಹುದು:

1. ಅರ್ಜಿಯ ವೃತ್ತಿ ಕಲಮಿನಲ್ಲಿ ಮನೆಗೆಲಸವೆಂದಷ್ಟೇ ಬರೆಯದೆ, ವಾಸ್ತವವಾಗಿ ಮಾಡುತ್ತಿರುವ ಕೈಕೆಲಸವನ್ನು ಅದರ ರೂಢಿಯ ಹೆಸರಿನಿಂದಲೇ ನಮೂದಿಸುವುದು.

2. ಕುಟುಂಬದಲ್ಲಿ ಕೈಕೆಲಸ ಮಾಡುವವರು ಮಹಿಳೆಯಾಗಿದ್ದಲ್ಲಿ, ಯೋಜನೆಯ ನಿಯಮಗಳಿಗೆ ಒಳಪಟ್ಟು ಆಕೆಯ ಹೆಸರಿನಲ್ಲಿಯೇ ಅರ್ಜಿ ಸಲ್ಲಿಸುವುದು.

3. ಹಾಸು ಹೂಡುವುದು, ಕಂಡಿಕೆ ಸುತ್ತುವುದು, ಬಣ್ಣ ಹಾಕುವುದು ಮೊದಲಾದ ಪೂರ್ವಸಿದ್ಧತೆಯ ಕೆಲಸಗಳೂ ವೃತ್ತಿಯೇ ಆಗಿರುವುದರಿಂದ ಅವುಗಳನ್ನು ತಿಳಿಸಲು ಸಂಕೋಚಪಡದಿರುವುದು.

4. ತಯಾರಿಸಿದ ವಸ್ತುಗಳ ಛಾಯಾಚಿತ್ರ, ಬಳಸಿದ ಸಾಮಗ್ರಿಯ ವಿವರ, ಕೊಂಡ ಹಾಗೂ ಮಾರಿದ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಸಾಮಗ್ರಿಗೆ ತಗಲಿದ ವೆಚ್ಚವನ್ನೂ ದುಡಿದ ದಿನಗಳನ್ನೂ ಬರೆದಿಟ್ಟರೆ ನ್ಯಾಯವಾದ ಬೆಲೆಯನ್ನು ನಿರ್ಧರಿಸಲು ಅನುಕೂಲವಾಗುತ್ತದೆ.

ಮುಕ್ತಾಯ

ದಾಖಲೆಯಲ್ಲಿ ಹೆಸರಿಲ್ಲದ ತಾಯಿಯ ಕಷ್ಟವನ್ನು ಮಂಗಳೂರಿನ ಮನೆಯಲ್ಲಿ ಕಂಡ ಬಾಲಕಿಯು ಮುಂದೆ ದೇಶದ ಕುಶಲಕರ್ಮಿಗಳ ಹೆಸರನ್ನು ದಾಖಲೆಗೆ ತಂದರು. ಆ ಕಾರ್ಯದಲ್ಲಿ ಇನ್ನೂ ಉಳಿದಿರುವ ಪಾಲು ಒಂದೊಂದು ಅರ್ಜಿಯಿಂದಲೂ ಪೂರ್ಣವಾಗುತ್ತ ಹೋಗುವಂಥದ್ದು. ಅರ್ಹ ಮಹಿಳೆಯರೆಲ್ಲರೂ ತಮ್ಮ ವೃತ್ತಿಯನ್ನು ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿಕೊಂಡು ಸೌಲಭ್ಯಗಳ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.